ಹರ್ಮನ್ ಆನಂದರಾಯ ಕೌಂಡಿನ್ಯರ ಜೀವಿತವೂ ಸಭೆಯ ಹಿರಿಯರ ಕರ್ತವ್ಯವೂ

ಘಟ್ಟದ ಮೇಲಣ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗಳಲ್ಲಿ ಕ್ರೈಸ್ತರ ಮನೆಗಳು ಒಂದೇ ಕೇರಿಯಲ್ಲಿ ಒತ್ತಾಗಿರುವುದು ಅಪರೂಪ. ಅಡಿಕೆ ತೋಟದ ಅಂಚಿನಲ್ಲಿ ಒಂದು ಮನೆ, ಕಾಡಿನ ಆಚೆ ಇನ್ನೊಂದು ಮನೆ, ಹಳ್ಳ ದಾಟಿದರೆ ಮತ್ತೆ ಎರಡು ಮನೆ, ಹೀಗೆ ಮಂದೆಯು ಚದರಿಕೊಂಡಿರುತ್ತದೆ. ಮಳೆಗಾಲದಲ್ಲಿ ಹಾದಿಗಳು ಕೆಟ್ಟು ಹಳ್ಳಗಳು ತುಂಬಿದಾಗ ಸಭಾಪಾಲಕರು ಬಯಸಿದರೂ ಎಲ್ಲಾ ಮನೆಗಳನ್ನು ಮುಟ್ಟಲಾರರು. ಅಂಥ ದಿನಗಳಲ್ಲಿ ರೋಗಿಯ ಹಾಸಿಗೆಯ ಬಳಿಯಲ್ಲಿ ಕೂತು ಪ್ರಾರ್ಥಿಸುವವನು ಯಾರು? ಅಣ್ಣತಮ್ಮಂದಿರ ಜಗಳವು ಕೋರ್ಟಿನ ಮೆಟ್ಟಲನ್ನು ಹತ್ತುವುದಕ್ಕೆ ಮುಂಚೆ ಅವರನ್ನು ಕೂಡಿಸಿ ಸಮಾಧಾನಪಡಿಸುವವನು ಯಾರು? ಭಾನುವಾರದಲ್ಲಿ ನಾಲ್ಕು ಜನರನ್ನಾದರೂ ಕೂಡಿಸಿ ವೇದವನ್ನು ಓದಿ ಹೇಳುವವನು ಯಾರು? ಸಭೆಯ ಹಿರಿಯನೇ. ಆದಕಾರಣ ನಮ್ಮ ಹಳ್ಳಿಯ ಸಭೆಗಳು ಬಾಳುವುದೂ ಬಾಡುವುದೂ ಬಹಳ ಮಟ್ಟಿಗೆ ಹಿರಿಯರ ಮೇಲೆ ಹೊಂದಿಕೊಂಡದೆ.

ಹಿರಿತನವೆಂಬುದು ನಮ್ಮ ದೇಶಕ್ಕೆ ಹೊಸದಲ್ಲ. ಈ ಜಿಲ್ಲೆಯ ಅನೇಕ ಸಮಾಜಗಳಲ್ಲಿ ಬುದ್ವಂತನೆಂಬ ಯಜಮಾನನಿದ್ದು, ಅವನು ಕೂಟವನ್ನು ಕರೆದು ನ್ಯಾಯ ಹೇಳುವ ಪದ್ಧತಿಯು ಪೂರ್ವಕಾಲದಿಂದ ನಡೆದು ಬಂತು. ಆದರೆ ಆ ಹಿರಿತನವು ಸಾಮಾನ್ಯವಾಗಿ ತಂದೆಯಿಂದ ಮಗನಿಗೆ ಇಳಿಯತಕ್ಕದ್ದು. ಕರ್ತನ ಸಭೆಯಲ್ಲಿ ಹಿರಿತನವು ಹೇಗೆ ಬರುತ್ತದೆ, ಅದು ಯಾರಿಗೆ ಸಲ್ಲುತ್ತದೆ, ಅದನ್ನು ಹೊತ್ತವನು ಹೇಗೆ ನಡೆಯಬೇಕು ಎಂಬ ವಿಷಯದಲ್ಲಿ ನಮ್ಮ ಜನರಲ್ಲಿ ಈಗಲೂ ಸಂದೇಹಗಳುಂಟು. ಈ ಸಂದೇಹಗಳನ್ನು ಬರೀ ವಾದದಿಂದ ತೀರಿಸುವದಕ್ಕಿಂತ, ಕನ್ನಡನಾಡಿನ ಸಭೆಯಲ್ಲಿ ಹೆಸರುಗೊಂಡ ಒಬ್ಬ ಮಹನೀಯರ ಜೀವಿತವನ್ನು ಮುಂದಿಡುವದು ಉತ್ತಮವೆಂದು ನಾವು ಎಣಿಸಿದ್ದೇವೆ. ಅವರೇ ಹರ್ಮನ್ ಆನಂದರಾಯ ಕೌಂಡಿನ್ಯರು.

ಹುಟ್ಟು ಮತ್ತು ವಿದ್ಯಾಭ್ಯಾಸ

ಆನಂದರಾಯರು 1825ನೆಯ ಇಸವಿಯಲ್ಲಿ ಮಂಗಳೂರಿನ ಒಂದು ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದರು. ತಂದೆಯಾದ ಲಕ್ಷ್ಮಣರಾಯರು ವಕೀಲರು. ಆ ಕಾಲದಲ್ಲಿ ಕನ್ನಡ ಜಿಲ್ಲೆಯು ಇನ್ನೂ ಎರಡಾಗಿ ಒಡೆದಿರಲಿಲ್ಲ. ಮದ್ರಾಸು ಆಧಿಪತ್ಯಕ್ಕೆ ಸೇರಿದ್ದ ಆ ದೊಡ್ಡ ಜಿಲ್ಲೆಗೆ ಮಂಗಳೂರೇ ಮುಖ್ಯಸ್ಥಾನವಾಗಿದ್ದು, ನಮ್ಮ ಶಿರಸಿ ಯಲ್ಲಾಪುರದ ಕಡೆಗಳೂ ಅದರೊಳಗೆ ಕೂಡಿದ್ದವು. ಉತ್ತರದ ಭಾಗವು ಬೊಂಬಾಯಿ ಆಧಿಪತ್ಯಕ್ಕೆ ಸೇರಿದ್ದು 1862ರಲ್ಲಿ. ಆದಕಾರಣ ಕೌಂಡಿನ್ಯರು ಹುಟ್ಟಿದ ಜಿಲ್ಲೆಯು ನಮ್ಮ ಪೂರ್ವಜರ ಜಿಲ್ಲೆಯೂ ಆಗಿತ್ತು.

ಬಾಲಕನಿಗೆ ಒಂಭತ್ತು ವರುಷವಾದಾಗ, ಅಂದರೆ 1834ರಲ್ಲಿ, ಬಾಸೆಲ್ ಮಿಶನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬೋಧಕರು ಹಡಗಿನಿಂದ ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದು ಸೇವೆಗೆ ತೊಡಗಿದರು. ಎರಡು ವರುಷಗಳ ತರುವಾಯ ಹರ್ಮನ್ ಮೋಗ್ಲಿಂಗ್ ಅಯ್ಯನವರು ಬಂದರು. ಇವರು ಕನ್ನಡವನ್ನು ಪ್ರೀತಿಯಿಂದ ಕಲಿತು, 1843ರ ಜುಲೈ ತಿಂಗಳಲ್ಲಿ ಮಂಗಳೂರ ಸಮಾಚಾರವೆಂಬ ಮೊದಲನೆಯ ಕನ್ನಡ ವರ್ತಮಾನಪತ್ರವನ್ನು ಹೊರಡಿಸಿದವರೆಂಬದನ್ನು ನಮ್ಮ ವಾಚಕರು ಕೇಳಿರಬಹುದು. ಆನಂದರಾಯರು ಮಿಶನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಾ ಈ ಗುರುವಿನ ಪರಿಚಯವನ್ನು ಹೊಂದಿದರು. ಮೊದಲು ವಿದ್ಯೆಗೋಸ್ಕರ ಹತ್ತಿರ ಬಂದ ಹುಡುಗನು ಬರಬರುತ್ತಾ ಸತ್ಯವನ್ನು ವಿಚಾರಿಸುವವನಾದನು. ವೇದವನ್ನು ಓದಿದಷ್ಟೂ ಅವನ ಮನಸ್ಸಿನಲ್ಲಿ ಹೋರಾಟ ಹೆಚ್ಚಿತು. ಕ್ರಿಸ್ತನನ್ನು ರಕ್ಷಕನೆಂದು ಬಾಯಿಂದ ಅರಿಕೆಮಾಡಿದರೆ ಕಳೆದುಕೊಳ್ಳಬೇಕಾದದ್ದು ಏನೇನೆಂದು ಅವನಿಗೆ ಚೆನ್ನಾಗಿ ತಿಳಿದಿತ್ತು.

ದೀಕ್ಷಾಸ್ನಾನ

1844ನೆಯ ಇಸವಿ ಜನವರಿ 6ನೆಯ ದಿನದಲ್ಲಿ ಆನಂದರಾಯರು ದೀಕ್ಷಾಸ್ನಾನವನ್ನು ಹೊಂದಿದರು. ಭಗವಂತರಾಯರು, ಮುಕುಂದರಾಯರು ಎಂಬ ಬೇರೆ ಇಬ್ಬರು ಬ್ರಾಹ್ಮಣ ಯುವಕರೂ ಅವರ ಸಂಗಡ ಸ್ನಾನ ಹೊಂದಿದರು. ಆನಂದರಾಯರಿಗೆ ಆಗ ಹದಿನೆಂಟು ವರುಷ. ಪಟ್ಟಣದಲ್ಲೆಲ್ಲಾ ದೊಡ್ಡ ಗದ್ದಲವೆದ್ದಿತು. ಮನೆಯ ಹಿರಿಯರೂ ಜಾತಿಯ ಹಿರಿಯರೂ ಯುವಕನನ್ನು ತಿರುಗಿಸಿಕೊಳ್ಳಲು ಪ್ರಯತ್ನಪಟ್ಟರು. ಅವರು ದುಷ್ಟರಾಗಿದ್ದದರಿಂದ ಹಾಗೆ ಮಾಡಿದರೆಂದು ನಾವು ಹೇಳಬಾರದು. ಮಗನ ಮೇಲೆ ಆಶೆಯಿಟ್ಟಿದ್ದ ತಂದೆಗೆ ಮಗನು ಸತ್ತಷ್ಟು ದುಃಖವಾದರೆ ಅದು ಆಶ್ಚರ್ಯವಲ್ಲ. ಚಿಕ್ಕ ವಯಸ್ಸಿನಲ್ಲಿಯೇ ಕೈಹಿಡಿದಿದ್ದ ಹೆಂಡತಿಯು ಅವರನ್ನು ಹಿಂಬಾಲಿಸಿ ಬರಲಿಲ್ಲ. ಜಾತಿಯನ್ನು ಬಿಟ್ಟವನಿಗೆ ಪಿತ್ರಾರ್ಜಿತದಲ್ಲಿ ಪಾಲು ತಪ್ಪದಂತೆ ಕಾಯುವ ಕಾಯಿದೆಯು ಬಂದದ್ದು 1850ರಲ್ಲಿ. ಅವರು ಸ್ನಾನ ಹೊಂದಿದ ದಿನದಲ್ಲಿ ಅಂಥ ಆಶ್ರಯವೂ ಇರಲಿಲ್ಲ. ಮನೆ, ಮಾನ, ಬಂಧುಗಳು, ಆಸ್ತಿಯ ನಿರೀಕ್ಷೆ ಎಲ್ಲವೂ ಒಂದೇ ದಿನದಲ್ಲಿ ಹಿಂದುಳಿದವು.

ಇಲ್ಲಿ ನಮ್ಮ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಹೊಸದಾಗಿ ಸ್ನಾನ ಹೊಂದಿದ ಇವರು ಗುರುವಿನ ಹೆಸರಾದ ಹರ್ಮನ್ ಎಂಬದನ್ನು ತೆಗೆದುಕೊಂಡರು. ಆದರೂ ತಂದೆತಾಯಿಗಳು ಇಟ್ಟ ಆನಂದರಾಯನೆಂಬ ಹೆಸರನ್ನು ಬಿಡಲಿಲ್ಲ, ತಮ್ಮ ಗೋತ್ರದ ಹೆಸರಾದ ಕೌಂಡಿನ್ಯವೆಂಬದನ್ನೂ ಸಾಯುವ ವರೆಗೆ ಹೊತ್ತರು. ಹೀಗೆ ಅವರ ಹೆಸರಿನೊಳಗೇ ಆತ್ಮಸಂಬಂಧವಾದ ಹಿರಿಯನೂ ಶರೀರಸಂಬಂಧವಾದ ಹಿರಿಯರೂ ಕೂಡಿಕೊಂಡಿದ್ದರು. ದೇವರಿಗೆ ವಿಧೇಯನಾಗುವದಕ್ಕೋಸ್ಕರ ಮನೆಯ ಹಿರಿಯರ ಮಾತನ್ನು ಮೀರಬೇಕಾದ ದಿನ ಬಂದರೂ ಅವರನ್ನು ಅಲ್ಲಗಳೆಯುವ ಅವಶ್ಯವಿಲ್ಲ. ನಮ್ಮಲ್ಲಿ ಕೆಲವರು ಸ್ನಾನವಾದ ಮೇಲೆ ಹಳೇ ಮನೆಯ ಮುದುಕರನ್ನು ತಾತ್ಸಾರದಿಂದ ನೋಡುತ್ತಾರೆ. ಅದು ಕ್ರಿಸ್ತನ ಮನಸ್ಸಲ್ಲ. ಮನೆಯಲ್ಲಿ ಹಿರಿಯರನ್ನು ಗೌರವಿಸಲು ಕಲಿಯದವನು ಸಭೆಯಲ್ಲಿ ಹಿರಿಯನಾಗುವದಕ್ಕೆ ತಕ್ಕವನಲ್ಲ.

ಕಲಿಯುವದೂ ಕಲಿಸುವದೂ

1846ರಲ್ಲಿ ಕೌಂಡಿನ್ಯರು ಮೋಗ್ಲಿಂಗ್ ಅಯ್ಯನವರ ಸಂಗಡ ಸಮುದ್ರವನ್ನು ದಾಟಿ ಯೂರೋಪಿಗೆ ಹೋದರು. ಸಮುದ್ರಯಾನವೇ ಜಾತಿಭ್ರಷ್ಟತೆಯೆಂದು ಎಣಿಸುತ್ತಿದ್ದ ಕಾಲವದು. ಸ್ವಿಸ್ ದೇಶದ ಬಾಸೆಲ್ ಪಟ್ಟಣದ ಮಿಶನ್ ವಿದ್ಯಾಶಾಲೆಯಲ್ಲಿ ಅವರು ಐದು ವರುಷಗಳ ವರೆಗೆ ಓದಿದರು. ಭಾಷೆ ಬೇರೆ, ಊಟ ಬೇರೆ, ಚಳಿ ಬೇರೆ; ಆದರೂ ಬೇಸರಪಡದೆ ಕಲಿತು, 1851ರಲ್ಲಿ ಬೋಧಕಾಭಿಷೇಕವನ್ನು ಹೊಂದಿ ಸ್ವದೇಶಕ್ಕೆ ತಿರುಗಿ ಬಂದರು. ಬಾಸೆಲ್ ಮಿಶನಿನ ಬೋಧಕರಾಗಿ ಅಭಿಷೇಕ ಹೊಂದಿ ಬಂದ ಭಾರತೀಯರಲ್ಲಿ ಇವರೇ ಮೊದಲಿಗರು. ಬೋಧಕರೆಂದರೆ ಬಿಳಿಯ ದೊರೆಗಳೇ ಎಂದು ಜನರು ತಿಳಿದಿದ್ದ ಆ ದಿನಗಳಲ್ಲಿ, ನಮ್ಮ ಮಣ್ಣಿನ ಮಗನೊಬ್ಬನು ಅವರ ಸಾಲಿನಲ್ಲಿ ನಿಂತದ್ದು ಸಣ್ಣ ಕಾರ್ಯವಲ್ಲ. ಸಭೆಯ ಭಾರವನ್ನು ಹೊರಲು ದೇಶದವರೂ ಶಕ್ತರೆಂಬದಕ್ಕೆ ಅವರ ಜೀವಿತವೇ ಸಾಕ್ಷಿಯಾಯಿತು.

ತಿರುಗಿ ಬಂದವರಿಗೆ ಒಪ್ಪಿಸಲ್ಪಟ್ಟ ಮುಖ್ಯ ಕೆಲಸವು ಮಂಗಳೂರಿನ ಬಲ್ಮಠದ ಗುಡ್ಡೆಯ ಮೇಲಿದ್ದ ಉಪದೇಶಿಗಳ ವಿದ್ಯಾಶಾಲೆಯಲ್ಲಿ ಬೋಧಿಸುವದಾಗಿತ್ತು. ಮೋಗ್ಲಿಂಗ್ ಅಯ್ಯನವರು ಆರಂಭಿಸಿದ ಈ ಶಾಲೆಯಲ್ಲಿ ಬೇರೆ ಬೇರೆ ಜಾತಿಗಳಿಂದ ಬಂದ ಯುವಕರು ಒಟ್ಟಿಗೆ ವಾಸಿಸಿ ಒಟ್ಟಿಗೆ ಓದುತ್ತಿದ್ದರು. ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಮುಲ್ಕಿ, ಉಡುಪಿ ಮುಂತಾದ ಸ್ಥಳಗಳಲ್ಲಿ ಸಭೆಗಳು ಬೆಳೆಯುತ್ತಾ ಬಂದಂತೆ ಉಪದೇಶಿಗಳ ಅವಶ್ಯಕತೆಯು ಹೆಚ್ಚಿತು. ಒಬ್ಬ ಬೋಧಕನು ತಾನೇ ಹತ್ತು ಹಳ್ಳಿಗಳನ್ನು ಸುತ್ತಬಹುದು. ಆದರೆ ಅವನು ಹತ್ತು ಉಪದೇಶಿಗಳನ್ನು ಸಿದ್ಧಮಾಡಿದರೆ ನೂರು ಹಳ್ಳಿಗಳಲ್ಲಿ ವಾಕ್ಯದ ದೀಪವು ಹೊತ್ತುವದು. ಅವರು ಹಿಡಿದದ್ದು ಈ ಹಾದಿಯನ್ನು. ಸಾರುವವರಿಗೆ ಸಿಗುವ ಹೆಸರು ಕಲಿಸುವವರಿಗೆ ಸಿಗುವುದಿಲ್ಲ. ಶಿಷ್ಯರ ಬಾಯಲ್ಲಿಯೇ ಗುರುವಿನ ಮಾತು ಮುಂದೆ ಹೋಗುತ್ತದೆ. ಆ ವಿದ್ಯಾಶಾಲೆಯ ಕೆಲಸವು 1965ರಿಂದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಎಂಬ ಹೆಸರಿನಿಂದ ಅದೇ ಬಲ್ಮಠದಲ್ಲಿ ನಡೆದು ಬಂದದೆ.

ಇತ್ರೋವನು ಅಳಿಯನಾದ ಮೋಶೆಯನ್ನು ನೋಡಲು ಅರಣ್ಯಕ್ಕೆ ಬಂದ ಕಥೆಯನ್ನು ನಮ್ಮ ವಾಚಕರು ಬಲ್ಲರು. ಮೋಶೆಯು ಬೆಳಗಿನಿಂದ ಸಾಯಂಕಾಲದ ವರೆಗೆ ಒಬ್ಬನೇ ಕೂತು ಜನರ ನ್ಯಾಯವನ್ನು ತೀರಿಸುವದನ್ನು ಕಂಡ ಆ ಮುದುಕನು, ಭಾರವನ್ನು ಹಂಚಬೇಕೆಂದೂ, ದೇವಭಯವುಳ್ಳವರೂ ಲಂಚವನ್ನು ಹಗೆಮಾಡುವವರೂ ಆದ ಮನುಷ್ಯರನ್ನು ಆರಿಸಬೇಕೆಂದೂ ಬುದ್ಧಿ ಹೇಳಿದನು. ಪೌಲನೂ ಬಾರ್ನಬನೂ ಲುಸ್ತ್ರ, ಇಕೋನ್ಯ ಮೊದಲಾದ ಊರುಗಳಲ್ಲಿ ಸಭೆಗಳನ್ನು ಕೂಡಿಸಿದ ಮೇಲೆ, ತಾವು ಅಲ್ಲೇ ಉಳಿಯದೆ, ಪ್ರತಿ ಸಭೆಗೂ ಹಿರಿಯರನ್ನು ನೇಮಿಸಿ ಅವರನ್ನು ಕರ್ತನಿಗೆ ಒಪ್ಪಿಸಿ ಹೋದರು. ಬಲ್ಮಠದ ಗುಡ್ಡೆಯ ಮೇಲೆ ಕೌಂಡಿನ್ಯರು ಮಾಡಿದ್ದೂ ಇದರ ಮಾದರಿಯ ಕೆಲಸವೇ.

ಕೊಡಗಿನ ಆನಂದಪುರ

ಈಗ ನಮ್ಮ ಕಥೆಯ ಮುಖ್ಯ ಭಾಗಕ್ಕೆ ಬರುತ್ತೇವೆ. ಕೊಡಗಿನ ಆಲ್ಮಂಡದ ಸೋಮಯ್ಯನೆಂಬವನು ಮಂಗಳೂರಿಗೆ ಬಂದು ಸ್ನಾನ ಹೊಂದಿ ಸ್ತೆಫನನೆಂಬ ಹೆಸರನ್ನು ಪಡೆದನು. ಸ್ವದೇಶಕ್ಕೆ ಹೋದಾಗ ಅವನು ಒಂಟಿಯಾಗಬಾರದೆಂದು ಮೋಗ್ಲಿಂಗ್ ಅಯ್ಯನವರು 1853ರಲ್ಲಿ ಅವನ ಜೊತೆಗೆ ಕೊಡಗಿಗೆ ಹೋದರು. ಬಾಸೆಲಿನ ಆಡಳಿತಸಭೆಯು ಈ ಕೆಲಸವನ್ನು ಮೊದಲು ತನ್ನದಾಗಿ ಎಣಿಸಲಿಲ್ಲ. ಅಯ್ಯನವರು ತಮ್ಮ ಹೊಣೆಯ ಮೇಲೆಯೇ ಅದನ್ನು ನಡಿಸಬೇಕಾಯಿತು. ಕಾಲಕ್ರಮದಲ್ಲಿ ಅಲ್ಲಿಯ ಭೂಮಿವಂತರ ಹೊಲಗಳಲ್ಲಿ ತಲೆತಲಾಂತರದಿಂದ ಆಳುಗಳಾಗಿದ್ದ ದೀನಜನರು ಸುವಾರ್ತೆಯನ್ನು ಕೇಳಲು ಬಂದರು. ಇವರನ್ನು ಮುಟ್ಟಬಾರದವರೆಂದು ಲೋಕವು ದೂರವಿಟ್ಟಿತ್ತು. ಅವರಿಗೆ ಸ್ವಂತ ಗದ್ದೆಯಿಲ್ಲ, ಮನೆಯ ನೆಲವೂ ತಮ್ಮದಲ್ಲ. ಒಡೆಯನು ಹೊರಡು ಎಂದರೆ ಹೊರಡಬೇಕು. ಇಂಥವರು ಕ್ರಿಸ್ತನ ಹೆಸರನ್ನು ಹಿಡಿದರೆ ಎಲ್ಲಿ ನಿಲ್ಲಬೇಕು?

ಕೊಡಗಿನಲ್ಲಿಯೂ ಒಂದು ಸಿದ್ದಾಪುರವುಂಟು. ಅದರಿಂದ ಬಹಳ ದೂರವಲ್ಲದ ಅಮ್ಮತ್ತಿಯ ನೆರೆಯಲ್ಲಿ ಇವರಿಗೋಸ್ಕರ ಆನಂದಪುರವೆಂಬ ಊರು ಹುಟ್ಟಿತು. ಕೌಂಡಿನ್ಯರು ತಮ್ಮ ಹಣವನ್ನು ಹಾಕಿ ಅಲ್ಲಿ ಭೂಮಿಯನ್ನು ತೆಗೆದುಕೊಂಡು ಕಾಫಿಯ ತೋಟವನ್ನು ಮಾಡಿಸಿ, ನೆಲವಿಲ್ಲದವರಿಗೆ ದುಡಿಮೆಯೂ ನೆಲೆಯೂ ಸಿಗುವಂತೆ ಪ್ರಯಾಸಪಟ್ಟರು. ಮಂಗಳೂರಿನ ಬ್ರಾಹ್ಮಣ ವಕೀಲರ ಮಗನು, ಮುಟ್ಟಬಾರದವರೆನಿಸಿಕೊಂಡವರ ಊರಿಗೆ ಆಧಾರವಾದನು. ಅವರ ಹಿಂದಿನ ಜಾತಿಯ ಹಿರಿಯರು ನೆರಳೂ ಬೀಳಬಾರದೆಂದು ಹೇಳುತ್ತಿದ್ದವರೊಂದಿಗೆ ಅವರು ಒಂದೇ ದೇವಾಲಯದಲ್ಲಿ ಮೊಣಕಾಲೂರಿದರು, ಒಂದೇ ಪಾತ್ರೆಯಿಂದ ಕರ್ತನ ಭೋಜನದಲ್ಲಿ ಪಾಲುಹೊಂದಿದರು. ಕಾಫಿಯ ವ್ಯವಸಾಯವು ಯಾವಾಗಲೂ ಲಾಭವನ್ನೇ ಕೊಡುವಂಥದ್ದಲ್ಲ. 1860ರ ತರುವಾಯದ ವರುಷಗಳಲ್ಲಿ ಕೊಡಗಿನ ಕಾಫಿ ಗಿಡಗಳನ್ನು ಕಾಂಡ ಕೊರೆಯುವ ಹುಳವು ಬಹಳವಾಗಿ ಕೆಡಿಸಿತೆಂಬದು ಪ್ರಸಿದ್ಧ. ಹಣವನ್ನು ಹೂಡಿದವರಿಗೆ ಆ ದಿನಗಳು ಸುಲಭವಾಗಿರಲಿಲ್ಲ. ಆದರೆ ಊರು ಉಳಿಯಿತು, ಸಭೆಯು ಉಳಿಯಿತು.

ಇಂಥ ಸಭೆಯಲ್ಲಿ ಹಿರಿಯರಾಗತಕ್ಕವರು ಯಾರು? ಅಲ್ಲಿ ಭೂಮಿವಂತರಿಲ್ಲ, ಶಾಸ್ತ್ರ ಓದಿದವರಿಲ್ಲ, ಊರ ಪಟೇಲರಿಲ್ಲ. ಲೋಕದ ಲೆಕ್ಕದಲ್ಲಿ ಎಲ್ಲರೂ ಕಿರಿಯರೇ. ನೆನ್ನೆಯ ತನಕ ಒಡೆಯನ ಮುಂದೆ ತಲೆಬಗ್ಗಿಸಿ ನಿಂತವನು ಇಂದು ಸಭೆಯ ಮಧ್ಯದಲ್ಲಿ ಎದ್ದು ಪ್ರಾರ್ಥಿಸಬೇಕು, ನೆರೆಯವನ ತಪ್ಪನ್ನು ಮೃದುವಾಗಿ ತೋರಿಸಬೇಕು, ಧರ್ಮದ ಹಣಕ್ಕೆ ಲೆಕ್ಕ ಹೇಳಬೇಕು. ಇದೇ ದೇವರ ಮನೆಯ ಆಶ್ಚರ್ಯವಾದ ರೀತಿ. ಸೋಮಯ್ಯನಿಗೆ ಕೊಡಲ್ಪಟ್ಟ ಸ್ತೆಫನನೆಂಬ ಹೆಸರೂ ಇದನ್ನೇ ನೆನಪಿಗೆ ತರುತ್ತದೆ. ಕೊರಿಂಥ ಪಟ್ಟಣದಲ್ಲಿ ಆ ಹೆಸರಿನವನೂ ಅವನ ಮನೆಯವರೂ ಅಖಾಯದ ಪ್ರಥಮಫಲವಾಗಿದ್ದು, ದೇವಜನರ ಸೇವೆಗೆ ತಮ್ಮನ್ನು ತಾವೇ ಒಪ್ಪಿಸಿಕೊಂಡಿದ್ದರು. ಆದಕಾರಣ ಅಂಥವರಿಗೆ ಸಭೆಯವರು ಒಳಗಾಗಿರಬೇಕೆಂದು ಅಪೊಸ್ತಲನು ಬೋಧಿಸಿದನು. ಅವರು ಮೊದಲು ಹಿರಿಯರಾಗಿ ಆಮೇಲೆ ಸೇವೆಮಾಡಲಿಲ್ಲ, ಸೇವೆಮಾಡಿದ್ದರಿಂದಲೇ ಹಿರಿಯರಾದರು.

ಕಡೆಯ ದಿನಗಳು

ಕೌಂಡಿನ್ಯರು 1860ರಲ್ಲಿ ಮಾರೀ ರೈನ್‌ಹಾರ್ಟ್ ಎಂಬ ಜರ್ಮನ್ ಸ್ತ್ರೀಯನ್ನು ಮದುವೆಯಾಗಿ ಸಂಸಾರವಂತರಾದರು. ಅದೇ ವರುಷದಲ್ಲಿ ಮೋಗ್ಲಿಂಗ್ ಅಯ್ಯನವರು ಹಿಂದೂದೇಶವನ್ನು ಬಿಟ್ಟು ತಮ್ಮ ದೇಶಕ್ಕೆ ಹೋದರು. ಅವರು ಅಲ್ಲಿಯೇ 1881ರಲ್ಲಿ ಕರ್ತನಲ್ಲಿ ನಿದ್ರೆಹೋದರು. ಶರೀರಸಂಬಂಧವಾದ ತಂದೆಯ ಮನೆಯನ್ನು ಬಿಟ್ಟು ಬಂದಿದ್ದ ಶಿಷ್ಯನು ಈಗ ಆತ್ಮಸಂಬಂಧವಾದ ತಂದೆಯೂ ಹತ್ತಿರವಿಲ್ಲದೆ ಕೆಲಸವನ್ನು ನಡಿಸಬೇಕಾಯಿತು. ಗುರುವು ಹೋದ ಮೇಲೆ ಶಿಷ್ಯನು ನಿಂತನೋ ಬಿದ್ದನೋ ಎಂಬದರಿಂದ ಗುರುವಿನ ಕೆಲಸವು ಶೋಧಿಸಲ್ಪಡುತ್ತದೆ. ಕೌಂಡಿನ್ಯರು ನಿಂತರು. ಅವರು 1893ರಲ್ಲಿ, ತಮ್ಮ ಅರುವತ್ತೇಳನೆಯ ವಯಸ್ಸಿನಲ್ಲಿ, ಬೋಧಕಾಭಿಷೇಕವನ್ನು ಹೊಂದಿ ನಾಲ್ವತ್ತೊಂದು ವರುಷಗಳು ಕಳೆದ ಮೇಲೆ, ವಿಶ್ರಾಂತಿಯನ್ನು ಸೇರಿದರು.

ಅವರು ಹೋದ ಇಪ್ಪತ್ತು ಇಪ್ಪತ್ತೊಂದು ವರುಷಗಳಿಗೆ, ಅಂದರೆ 1914ರಲ್ಲಿ, ಮಹಾಯುದ್ಧವು ಎದ್ದಿತು. ಜರ್ಮನ್ ಬೋಧಕರು ಬಂಧನದಲ್ಲಿಡಲ್ಪಟ್ಟು ತರುವಾಯ ದೇಶದಿಂದ ಕಳುಹಿಸಲ್ಪಟ್ಟರು. ಎಂಭತ್ತು ವರುಷಗಳಿಂದ ಬೆಳೆದ ಸಭೆಗಳ ಮೇಲಿನ ಕೈಯು ಒಮ್ಮೆಗೇ ತೆಗೆಯಲ್ಪಟ್ಟಿತು. ಆಗ ಭಾನುವಾರದ ಗಂಟೆಯು ಹೊಡೆಯುವದು ನಿಂತಿತೋ? ಇಲ್ಲ. ದೇಶದ ಸಭಾಪಾಲಕರೂ ಉಪದೇಶಿಗಳೂ ಹಳ್ಳಿಯ ಹಿರಿಯರೂ ಭಾರಕ್ಕೆ ಹೆಗಲು ಕೊಟ್ಟರು. 1947ರ ಸೆಪ್ಟೆಂಬರ್ 27ರಲ್ಲಿ ದಕ್ಷಿಣ ಭಾರತ ಸಭೆಯು ಸ್ಥಾಪಿತವಾಗಿ, ಬಾಸೆಲ್ ಮಿಶನಿನಿಂದ ಹುಟ್ಟಿದ ಸಭೆಗಳಲ್ಲಿ ಅನೇಕವು ಅದರೊಳಗೆ ಕೂಡಿದಾಗಲೂ, ನಡಿಸುವವರು ಅವರೇ ಆಗಿದ್ದರು. ಬಲ್ಮಠದಲ್ಲಿ ಕಲಿಸುವವರ ಹಟಹಿಡಿದ ಪ್ರಯಾಸವು ಯಾತಕ್ಕೆಂಬದು ಆ ಕಷ್ಟದ ವರುಷಗಳಲ್ಲಿ ಪ್ರಕಟವಾಯಿತು.

ನಮಗೆ ಬರುವ ಬುದ್ಧಿ

ಈ ಜೀವಿತದಿಂದ ನಮ್ಮ ಹಳ್ಳಿಯ ಸಭೆಗಳು ಕಲಿಯತಕ್ಕದ್ದು ಏನು?

ಮೊದಲನೆಯದು, ಹಿರಿತನವು ವಂಶದಿಂದ ಇಳಿಯುವ ಸೊತ್ತಲ್ಲ. ಕೌಂಡಿನ್ಯರು ಯಾವ ವಂಶದ ಹಿರಿಮೆಯನ್ನು ಬಿಟ್ಟು ಬಂದರೋ ಅದನ್ನು ಸಭೆಯೊಳಗೆ ಬೇರೆ ವೇಷದಿಂದ ತಿರುಗಿ ಕರೆಯುವದು ನಮಗೆ ನಾಚಿಕೆ. ತಂದೆಯು ಹಿರಿಯನಾಗಿದ್ದನೆಂದು ಮಗನೂ ಆಗಬೇಕೆಂಬದೂ, ಒಂದು ಮನೆತನದವರಲ್ಲದೆ ಬೇರೆಯವರು ಆಗಬಾರದೆಂಬದೂ, ಹಿಂದಿನ ಜಾತಿಯನ್ನು ಗುಟ್ಟಾಗಿ ಎಣಿಸಿ ಮತ ಹಾಕುವದೂ ನಮ್ಮ ಸಭೆಗಳಲ್ಲಿ ಇಲ್ಲವೇ ಇಲ್ಲವೆಂದು ಯಾರು ಆಣೆಯಿಡುವರು? ಅಂಥ ಚುನಾವಣೆ ನಡೆದಲ್ಲಿ ಕರ್ತನ ಭೋಜನದ ಪಾತ್ರೆ ಒಂದೇ ಆಗಿದ್ದರೂ ಹೃದಯಗಳು ಬೇರೆ ಬೇರೆಯಾಗಿರುತ್ತವೆ.

ಎರಡನೆಯದು, ಹಣವುಳ್ಳವನೇ ಹಿರಿಯನೆಂಬದು ಸುಳ್ಳು. ಹಣವುಳ್ಳವನು ದೇವಭಕ್ತನಾಗಿದ್ದರೆ ಒಳ್ಳೇದು. ಆದರೆ ತೋಟದಲ್ಲಿ ಕೂಲಿಮಾಡಿ ಸಂಜೆಗೆ ದೀಪದ ಮುಂದೆ ವೇದವನ್ನು ಬಿಚ್ಚುವವನು, ಕೊಟ್ಟ ಮಾತಿಗೆ ತಪ್ಪದವನು, ಕುಡಿತಕ್ಕೂ ಜಗಳಕ್ಕೂ ದೂರವಾದವನು ಅವನಿಗಿಂತ ಕಿರಿಯನಲ್ಲ. ಆನಂದಪುರದ ದೀನರನ್ನು ದೇವರು ಎತ್ತಿ ನಿಲ್ಲಿಸಿದನಲ್ಲವೇ?

ಮೂರನೆಯದು, ವಯಸ್ಸೊಂದೇ ಸಾಲದು. ಕೌಂಡಿನ್ಯರು ಬೋಧಕರಾಗಿ ಬಂದಾಗ ಅವರಿಗೆ ಇಪ್ಪತ್ತಾರು ವರುಷ ಮಾತ್ರ. ತಿಮೊಥೆಯನು ಯೌವನಸ್ಥನಾಗಿಯೇ ಎಫೆಸದ ಸಭೆಯನ್ನು ನಡಿಸಿದನು. ನರೆಗೂದಲಿಗೆ ಮಾನವು ಸಲ್ಲತಕ್ಕದ್ದೇ. ಆದರೂ ಪ್ರಾಯದವರಲ್ಲಿ ದೇವರು ಕೊಟ್ಟ ವರವನ್ನು ಮುದುಕರು ತುಳಿಯಬಾರದು. ಒಳ್ಳೇ ಹಿರಿಯನು ತನ್ನ ಮಗ್ಗುಲಲ್ಲಿ ಒಬ್ಬ ಕಿರಿಯನನ್ನು ನಿಲ್ಲಿಸಿಕೊಂಡು, ಪ್ರಾರ್ಥನೆಯನ್ನು ನಡಿಸುವದಕ್ಕೂ ಲೆಕ್ಕವನ್ನು ಬರೆಯುವದಕ್ಕೂ ಅವನಿಗೆ ಕಲಿಸುತ್ತಾನೆ. ಮೋಗ್ಲಿಂಗ್ ಅಯ್ಯನವರು ಹಾಗೆ ಮಾಡದಿದ್ದರೆ ಕೌಂಡಿನ್ಯರು ಎಲ್ಲಿಂದ ಬರುತ್ತಿದ್ದರು?

ನಾಲ್ಕನೆಯದು, ಹಿರಿಯನು ಒಡೆಯನಲ್ಲ, ಕುರುಬನು. ಪೇತ್ರನು ಹಿರಿಯರಿಗೆ ಕೊಟ್ಟ ಬುದ್ಧಿಯಲ್ಲಿ, ಮಂದೆಯ ಮೇಲೆ ದೊರೆತನ ಮಾಡದೆ ಅದಕ್ಕೆ ಮಾದರಿಯಾಗಬೇಕೆಂದು ಬೋಧಿಸಿದನು. ಸಭಾಪಾಲಕರು ಬಂದ ದಿನದಲ್ಲಿ ಮುಂದಿನ ಮಣೆಯ ಮೇಲೆ ಕೂತುಕೊಳ್ಳುವದು ಹಿರಿತನವಲ್ಲ. ಅವರು ಬಾರದ ದಿನಗಳಲ್ಲಿ ಯಾರು ಹಸಿದಿದ್ದಾರೆ, ಯಾರು ಮುನಿಸಿಕೊಂಡಿದ್ದಾರೆ, ಯಾರ ಮಗುವಿಗೆ ಜ್ವರ ಬಂದಿದೆ ಎಂದು ತಿಳಿದು ಅವರ ಬಾಗಲಿಗೆ ಹೋಗುವದೇ ಹಿರಿತನ. ಯಾಕೋಬನು ರೋಗಿಗೆ ಹೇಳಿದ್ದೂ ಸಭೆಯ ಹಿರಿಯರನ್ನು ಕರೇಕಳುಹಿಸಬೇಕೆಂದೇ. ಕರೆದಾಗ ಬಾರದ ಹಿರಿಯನಿಂದ ರೋಗಿಗೆ ಏನು ಪ್ರಯೋಜನ?

ಸಭೆಯವರಿಗೂ ಒಂದು ಮಾತುಂಟು. ಹಿರಿಯನನ್ನು ಆರಿಸಿ ಆಮೇಲೆ ಬಾವಿಕಟ್ಟೆಯಲ್ಲಿ ಕೂತು ಅವನನ್ನು ಹಳಿಯುವದು ಕ್ರೈಸ್ತರಿಗೆ ತಕ್ಕದ್ದಲ್ಲ. ಅವನಲ್ಲಿ ತಪ್ಪು ಕಂಡರೆ ಅವನೊಬ್ಬನಿಗೇ ಮುಖಾಮುಖಿಯಾಗಿ ಹೇಳಿರಿ. ಅವನು ದಿನಗೂಲಿಯನ್ನು ಬಿಟ್ಟು ನಿಮ್ಮ ಕಾರ್ಯಕ್ಕೆ ಬಂದಾಗ ಅವನ ಮನೆಯ ಒಲೆಯನ್ನೂ ನೆನಪಿಸಿಕೊಳ್ಳಿರಿ. ಅವನಿಗೋಸ್ಕರ ದಿನಾಲೂ ಪ್ರಾರ್ಥಿಸಿರಿ. ಮೋಶೆಯ ಕೈಗಳು ಭಾರವಾದಾಗ ಆರೋನನೂ ಹೂರನೂ ಎರಡು ಕಡೆಗಳಲ್ಲಿ ನಿಂತು ಅವುಗಳನ್ನು ಎತ್ತಿ ಹಿಡಿದರಷ್ಟೆ.

ಸಹೋದರ ಸಹೋದರಿಯರೇ, ಈ ವರುಷ ನಿಮ್ಮ ನಿಮ್ಮ ಸಭೆಗಳಲ್ಲಿ ಹಿರಿಯರನ್ನು ಆರಿಸುವ ದಿನವು ಬರುವಾಗ, ಮಂಗಳೂರಿನಲ್ಲಿ ಎಲ್ಲವನ್ನೂ ಬಿಟ್ಟ ಹದಿನೆಂಟು ವರುಷದ ಆ ಯುವಕನನ್ನೂ, ಕೊಡಗಿನಲ್ಲಿ ನೆಲವಿಲ್ಲದೆ ನಿಂತ ಆ ದೀನಜನರನ್ನೂ ನೆನಸಿರಿ. ಹೆಸರನ್ನು ಹೇಳುವದಕ್ಕೆ ಮುಂಚೆ ಮೊಣಕಾಲೂರಿರಿ. ಮಂದೆಯ ದೊಡ್ಡ ಕುರುಬನು ತನ್ನ ಕೈಕೆಳಗಿನ ಕುರುಬರನ್ನು ನಮ್ಮ ಘಟ್ಟದ ಮೇಲಣ ಚಿಕ್ಕ ಸಭೆಗಳಿಗೂ ದಯಪಾಲಿಸಲಿ. ಆಮೆನ್.